ಫ್ರಾನ್ಸಿಸ್ ಡೇ ಮತ್ತು ಹೊಳೆಯ ಸ್ವಂತ ಮೀನು
ಮಾದಾಪುರ ಹೊಳೆಗೆ ಮೀನುಮರಿ ಬಿಡಬಯಸುವ ರೈತಬಾಂಧವರು ಫ್ರಾನ್ಸಿಸ್ ಡೇ (1829–1889) ಅವರ ಜೀವನವನ್ನು ಅರಿಯುವುದು ಒಳಿತು. 1852ರಲ್ಲಿ ಮದ್ರಾಸ್ ಸೈನ್ಯದ ವೈದ್ಯರಾಗಿ ಬಂದ ಅವರು, 1860ರ ದಶಕದಲ್ಲಿ ನೀಲಗಿರಿಯ ತೊರೆಗಳಿಗೆ ವಿಲಾಯತಿ ಟ್ರೌಟ್ ತರಲು ಯತ್ನಿಸಿ ವಿಫಲರಾದರು. ಅಂಥವರೇ ಮುಂದೆ ಇಲ್ಲಿನ ಮೀನುಗಳ ಪರ ನಿಂತದ್ದು ವಿಶೇಷ. ಮೀನುಗಾರಿಕೆಯ ಮಹಾನಿರೀಕ್ಷಕರಾಗಿ ಸಂಚರಿಸಿ, ಸಣ್ಣ ಕಣ್ಣಿನ ಬಲೆ ಹಾಗೂ ಅಣೆಕಟ್ಟುಗಳಿಂದಾಗುವ ನಷ್ಟವನ್ನು 1873ರ ವರದಿಯಲ್ಲಿ ದಾಖಲಿಸಿದರು. ಮೀನುಗಾರಿಕೆ ಕಾಯ್ದೆ ಬಂದದ್ದು ಅವರ ಮರಣಾನಂತರ, 1897ರಲ್ಲಿ.

ಇನ್ನೊಂದು ಅಪಾಯ ಅವರ ಕಾಲದ ನಂತರದ್ದು. ಲೋಣಾವಳದ ಮರಿ ಉತ್ಪಾದನಾ ಕೇಂದ್ರದ ನೀಲಿ ಈಜುರೆಕ್ಕೆಯ ಮಹಶೀರ್ ಕಾವೇರಿಯಲ್ಲಿ ಹೆಚ್ಚಿದಂತೆ, ಅಲ್ಲಿಯದೇ ಆದ ಡುಬ್ಬದ ಮಹಶೀರ್ ಕುಗ್ಗಿತು. 2018ರಲ್ಲಿ ಅದನ್ನು ತೀವ್ರ ಅಪಾಯದಂಚಿನ ಪ್ರಭೇದವೆಂದು ಘೋಷಿಸಲಾಯಿತು. ಮಾದಾಪುರ ಹೊಳೆಯ ನೀರೂ ಹಾರಂಗಿಯ ಮೂಲಕ ಕಾವೇರಿಯನ್ನೇ ಸೇರುತ್ತದೆ. ಆದ್ದರಿಂದ ಕಾಟ್ಲಾ, ರೋಹು ಮರಿಗಳನ್ನು ಕೆರೆಯಲ್ಲಿಯೇ ಸಾಕಿರಿ. ಮಳೆಗಾಲಕ್ಕೆ ಮೊದಲೇ ಕೋಡಿಗೆ ಜಾಲರಿ ಅಳವಡಿಸಿರಿ.