ಮಣ್ಣಿನ ಆರೋಗ್ಯವನ್ನರಸಿದ ಸರ್ ಆಲ್ಬರ್ಟ್ ಹೋವರ್ಡ್

ಬೂದಿಕೋಟೆ, ಬಂಗಾರಪೇಟೆಗಳ ಸುತ್ತಣ ಕೆಮ್ಮಣ್ಣಿನಲ್ಲಿ ರಾಗಿ ಬಿತ್ತುವ ಒಕ್ಕಲಿಗನು ಮಳೆಗೆ ಮುನ್ನ ತಿಪ್ಪೆಯ ಗೊಬ್ಬರವನ್ನೂ ಕೆರೆಯ ಗೋಡನ್ನೂ ಹೊಲಕ್ಕೆ ಸಾಗಿಸುವುದು ತಲೆಮಾರುಗಳಿಂದ ಬಂದ ಪದ್ಧತಿ. ಇಂತಹ ಪದ್ಧತಿಗಳಲ್ಲಿ ಅಡಗಿದ್ದ ವಿವೇಕವನ್ನು ವಿಜ್ಞಾನದ ಭಾಷೆಯಲ್ಲಿ ಜಗತ್ತಿಗೆ ಸಾರಿದವರಲ್ಲಿ ಸರ್ ಆಲ್ಬರ್ಟ್ ಹೋವರ್ಡ್ ಅಗ್ರಗಣ್ಯರು.

ಹೋವರ್ಡರು 1873ನೆಯ ಇಸವಿ ಡಿಸೆಂಬರ್ 8ರಂದು ಇಂಗ್ಲೆಂಡಿನ ಶ್ರಾಪ್‌ಷೈರಿನ ಬೇಸಾಯಗಾರ ಮನೆತನದಲ್ಲಿ ಜನಿಸಿದರು. ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮಾಡಿ, ವೆಸ್ಟ್ ಇಂಡೀಸಿನಲ್ಲಿ ಸಸ್ಯರೋಗಗಳ ಅಭ್ಯಾಸದಲ್ಲಿ ಕೆಲಕಾಲ ತೊಡಗಿದ್ದು, 1905ರಲ್ಲಿ ಬಿಹಾರದ ಪೂಸಾ ಸಂಶೋಧನಾಲಯಕ್ಕೆ ಬಂದರು. ಸಸ್ಯವಿಜ್ಞಾನಿಯಾಗಿದ್ದ ಪತ್ನಿ ಗೇಬ್ರಿಯಲ್ ಅವರೊಡನೆ ಶ್ರಮಿಸಿ ಪೂಸಾ 4, ಪೂಸಾ 12 ಮೊದಲಾದ ಉತ್ತಮ ಗೋಧಿ ತಳಿಗಳನ್ನು ರೂಪಿಸಿದರು. ಮಳೆ ತೀರ ವಿರಳವಾದ ಕ್ವೆಟ್ಟಾದಲ್ಲಿ, ಬಿತ್ತನೆಗೆ ಮುನ್ನ ಕೊಟ್ಟ ನೀರಿನ ತೇವವನ್ನು ಮಣ್ಣಿನಲ್ಲಿ ಕಾಪಾಡಿಕೊಂಡರೆ ಅಲ್ಪ ನೀರಿನಿಂದಲೇ ಗೋಧಿ ಬೆಳೆಯಬಹುದೆಂದು ತೋರಿಸಿಕೊಟ್ಟರು. ಇಲ್ಲಿನ ರೈತರನ್ನೇ ತಮ್ಮ ಗುರುಗಳೆಂದು ಅವರು ಭಾವಿಸಿದ್ದರು.

1924ರಿಂದ 1931ರವರೆಗೆ ಇಂದೂರಿನಲ್ಲಿ ಅವರ ಮುಖ್ಯ ಸಾಧನೆ ನಡೆಯಿತು. ಬೆಳೆಯ ಕಸಕಡ್ಡಿ, ಸಗಣಿ, ಗಂಜಳದಿಂದ ನೆನೆದ ಮಣ್ಣು, ಬೂದಿ ಇವುಗಳನ್ನು ಪದರಪದರವಾಗಿ ಹರಡಿ, ನೀರು ಚಿಮುಕಿಸಿ, ಆಗಾಗ ಮಗುಚಿದರೆ ಸುಮಾರು ಮೂರು ತಿಂಗಳಲ್ಲಿ ಫಲವತ್ತಾದ ಗೊಬ್ಬರ ಸಿದ್ಧವಾಗುತ್ತಿತ್ತು. ಇದೇ ಇಂದೂರು ವಿಧಾನ. 1930ರಲ್ಲಿ ಪತ್ನಿ ತೀರಿಕೊಂಡರೂ ಕಾರ್ಯ ನಿಲ್ಲಲಿಲ್ಲ. ಸಹಾಯಕ ಯಶವಂತ ವಾಡ್ ಅವರೊಡನೆ ರಚಿಸಿದ ಗ್ರಂಥ ಮರುವರ್ಷವೇ ಪ್ರಕಟವಾಯಿತು. 1934ರಲ್ಲಿ ಸರ್ ಪದವಿ ದೊರೆಯಿತು.

ಮೊದಲನೆಯ ಮಹಾಯುದ್ಧದ ತರುವಾಯ ಕೃತಕ ಸಾರಜನಕದ ಗೊಬ್ಬರಗಳು ಬೇಸಾಯವನ್ನು ವ್ಯಾಪಿಸಿದ್ದವು. ಅವು ಬೆಳೆಗೆ ಉಣಿಸಿದರೂ ಮಣ್ಣಿನ ಜೀವವನ್ನು ಕುಂದಿಸುತ್ತವೆಂದು ಹೋವರ್ಡರು 1947ರ ಅಕ್ಟೋಬರ್ 20ರಂದು ನಿಧನರಾಗುವವರೆಗೂ ವಾದಿಸಿದರು. ಫಲವತ್ತಾದ ಮಣ್ಣಿನ ಬೆಳೆಗೆ ರೋಗವೇ ತಗಲದೆಂಬ ಅವರ ನಂಬಿಕೆಯನ್ನು ವಿಜ್ಞಾನಿಗಳು ಪೂರ್ಣವಾಗಿ ಒಪ್ಪಲಿಲ್ಲ. ಸಗಣಿ ಬೆರಣಿಯಾಗಿ ಉರಿದುಹೋಗಿ, ಹುಲ್ಲು ದನಕರುಗಳ ಮೇವಾಗುವ ಬರಡು ಸೀಮೆಯಲ್ಲಿ ಗೊಬ್ಬರಕ್ಕೆ ಸಾಮಗ್ರಿಯೇ ಸಾಲದೆಂಬುದೂ ನಿಜವಾದ ತೊಡಕು.

ಆದರೂ ಅವರು ಹಚ್ಚಿದ ದೀಪ ನಂದಲಿಲ್ಲ. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಸಿ. ಎನ್. ಆಚಾರ್ಯರು, ಮಗುಚುವ ಶ್ರಮವಿಲ್ಲದೆ ಗುಂಡಿಯನ್ನು ಮಣ್ಣಿನಿಂದ ಮುಚ್ಚಿ ಕಳಿಸುವ ಬೆಂಗಳೂರು ವಿಧಾನವನ್ನು ರೂಪಿಸಿದರು. ನೀರು ವಿರಳವಾದೆಡೆಗೆ ಇದು ಹೆಚ್ಚು ಒಪ್ಪುತ್ತದೆ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1978ರಲ್ಲಿ ಆರಂಭವಾದ ಒಣಬೇಸಾಯದ ರಾಗಿ ಪ್ರಯೋಗವು ಇಬ್ಬರ ವಾದಕ್ಕೂ ಉತ್ತರ ನೀಡಿತು. ರಾಸಾಯನಿಕ ಗೊಬ್ಬರವನ್ನಷ್ಟೇ ಉಂಡ ಕೆಮ್ಮಣ್ಣು ಕಾಲಕ್ರಮದಲ್ಲಿ ಸೊರಗಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದೊಡನೆ ರಾಸಾಯನಿಕವನ್ನೂ ಪಡೆದ ಮಣ್ಣು ಉತ್ತಮ ಇಳುವರಿಯನ್ನು ಉಳಿಸಿಕೊಂಡಿತು.

ಹೋವರ್ಡರ ಮಾತೆಲ್ಲವೂ ನಿಲ್ಲದಿರಬಹುದು. ಭೂಮಿಯಿಂದ ಪಡೆದುದನ್ನು ಭೂಮಿಗೆ ಮರಳಿಸಬೇಕೆಂಬ ಅವರ ಮೂಲತತ್ತ್ವ ಮಾತ್ರ ನಿಂತಿದೆ. ಒಕ್ಕಲುತನದ ಮನೆಗಳಿಂದ ಬಂದ ವಿದ್ಯಾರ್ಥಿಗಳು ಮರೆಯಬಾರದ ಪಾಠವಿದು.