ಕಿವುಡರಿಗೆ ಶಿಷ್ಯನಾದ ಗುರು: ಫಾದರ್ ಲೆಪೆ

ಕೆಲವು ಚರ್ಚುಗಳಲ್ಲಿ ಬಲಿಪೂಜೆಯ ವೇಳೆ ಪೀಠದ ಪಕ್ಕದಲ್ಲಿ ನಿಂತು, ಗುರುಗಳ ಮಾತನ್ನು ಕೈಸನ್ನೆಯಲ್ಲಿ ತಿಳಿಸುವವರನ್ನು ನಾವು ಕಂಡಿರಬಹುದು. ಇವರೇ ಸಂಜ್ಞಾ ಭಾಷೆಯ ದುಭಾಷಿಗಳು. ಕಿವಿ ಕೇಳುವವರೂ ಈ ಭಾಷೆಯನ್ನು ಶ್ರದ್ಧೆಯಿಂದ ಕಲಿಯಬೇಕೆಂದು ತೋರಿಸಿಕೊಟ್ಟವರಲ್ಲಿ ಮೊದಲಿಗರೊಬ್ಬರು ಫ್ರಾನ್ಸಿನ ಧರ್ಮಗುರು ಶಾರ್ಲ್ ಮಿಶೆಲ್ ದ ಲೆಪೆ.

ಅವರು 1712ರ ನವೆಂಬರ್ 24ರಂದು ವರ್ಸೇಲ್ಸ್‌ನಲ್ಲಿ ಅನುಕೂಲಸ್ಥ ಕುಟುಂಬದಲ್ಲಿ ಜನಿಸಿದರು. ಅಂದಿನ ಧಾರ್ಮಿಕ ವಿವಾದವೊಂದರಲ್ಲಿ ತಮ್ಮ ನಿಲುವನ್ನು ಬಿಡದ ಕಾರಣ ಅವರಿಗೆ ಗುರುದೀಕ್ಷೆ ತಡವಾಗಿ ದೊರೆಯಿತು. ಮುಂದೆಯೂ ಸೇವೆಗೆ ಅಡ್ಡಿಗಳು ಎದುರಾದವು.

ಸುಮಾರು 1760ರಲ್ಲಿ ಪ್ಯಾರಿಸ್ಸಿನ ಮನೆಯೊಂದಕ್ಕೆ ಹೋದಾಗ ಅಲ್ಲಿದ್ದ ಇಬ್ಬರು ಅಕ್ಕತಂಗಿಯರು ಅವರ ಮಾತಿಗೆ ಉತ್ತರ ಕೊಡಲಿಲ್ಲ. ಮಕ್ಕಳು ಹುಟ್ಟು ಕಿವುಡರೆಂದು ತಾಯಿ ಬಂದ ಮೇಲೆ ತಿಳಿಯಿತು. ಚಿತ್ರಗಳ ಮೂಲಕ ಅವರಿಗೆ ಪಾಠ ಹೇಳುತ್ತಿದ್ದ ಗುರು ವಾನಿನ್ ಆಗಲೇ ತೀರಿಕೊಂಡಿದ್ದರು. ಈ ಮಕ್ಕಳು ದೇವರನ್ನು ಅರಿಯದೆ ಉಳಿಯಬಾರದೆಂದು ಫಾದರ್ ಲೆಪೆ ಪಾಠವನ್ನು ಮುಂದುವರಿಸಿದರು.

ಪ್ಯಾರಿಸ್ಸಿನ ಕಿವುಡರಲ್ಲಿ ಆಗಲೇ ಸನ್ನೆಗಳಿದ್ದವು. ಫಾದರ್ ಅವನ್ನು ತಮ್ಮ ಶಿಷ್ಯರಿಂದಲೇ ಕಲಿತರು. ಸ್ವಂತ ಖರ್ಚಿನಲ್ಲಿ ಮನೆಯಲ್ಲೇ ಶಾಲೆ ನಡೆಸಿ ಬಡವ ಬಲ್ಲಿದರೆನ್ನದೆ ಉಚಿತವಾಗಿ ಕಲಿಸಿದರು. 1776ರಲ್ಲಿ ತಮ್ಮ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದರು. ಅದನ್ನು ಕಲಿಯಲು ಹೊರಗಿನಿಂದಲೂ ಗುರುಗಳು ಬಂದರು. ವಿಯೆನ್ನಾದಿಂದ ಬಂದ ಫಾದರ್ ಸ್ಟಾರ್ಕ್ ಅವರಿಂದ 1779ರಲ್ಲಿ ಅಲ್ಲಿಯೂ ಶಾಲೆ ಆರಂಭವಾಯಿತು.

ಅವರ ವಿಧಾನದಲ್ಲಿ ಕೊರತೆಯೂ ಇತ್ತು. ಫ್ರೆಂಚ್ ವ್ಯಾಕರಣಕ್ಕೆ ಹೊಂದುವಂತೆ ಅವರು ಸ್ವತಃ ಕಟ್ಟಿ ಸೇರಿಸಿದ ಸನ್ನೆಗಳು ಮಕ್ಕಳಿಗೆ ಭಾರವಾದವು. ಕಾಲಾಂತರದಲ್ಲಿ ಅವು ಬಿದ್ದುಹೋದವು, ಕಿವುಡರ ಸಹಜ ಭಾಷೆ ಉಳಿಯಿತು.

1789ರ ಡಿಸೆಂಬರ್ 23ರಂದು ಫಾದರ್ ಲೆಪೆ ನಿಧನರಾದರು. 1791ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆ ಅವರ ಶಾಲೆಯ ಹೊಣೆ ಹೊತ್ತಿತು. ಅಲ್ಲಿ ಕಲಿತ ಕಿವುಡ ಶಿಕ್ಷಕ ಲೊರಾಂ ಕ್ಲೆರ್ ಅಮೇರಿಕಕ್ಕೆ ತೆರಳಿ, 1817ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಶಾಲೆ ತೆರೆಯಲು ನೆರವಾದರು.

ಆದರೆ 1880ರ ಮಿಲಾನ್ ಸಮ್ಮೇಳನ ಕಿವುಡರ ಶಾಲೆಗಳಿಂದ ಸನ್ನೆಯನ್ನು ಹೊರಗಿಡಬೇಕೆಂದು ನಿರ್ಣಯಿಸಿತು. ಅನೇಕ ದೇಶಗಳಲ್ಲಿ ಮಕ್ಕಳು ತಮ್ಮ ಭಾಷೆಯಿಂದ ವಂಚಿತರಾದರು. ಆ ನಿರ್ಣಯಕ್ಕೆ ವಿಷಾದ ವ್ಯಕ್ತವಾದದ್ದು 2010ರಲ್ಲಿ, ವ್ಯಾಂಕೂವರ್ ಸಮ್ಮೇಳನದಲ್ಲಿ.

ನಮ್ಮ ದೇಶದಲ್ಲಿ 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ದುಭಾಷಿಗಳ ತರಬೇತಿಯೂ ಅದರ ಕೆಲಸ. ಈ ಸೇವೆಗೆ ಮುಂದಾಗುವ ಯುವಜನರಿಗೆ ಫಾದರ್ ಲೆಪೆಯವರ ಬಾಳು ದಾರಿದೀಪ. ಪುಸ್ತಕದ ಸನ್ನೆಗಳಷ್ಟೇ ಸಾಲವು. ಕಿವುಡರ ನಡುವೆ ಕುಳಿತು, ಅವರನ್ನೇ ಗುರುಗಳೆಂದು ತಿಳಿದು ಕಲಿಯಬೇಕು. ಅವರು ಹೇಳದ ಮಾತನ್ನು ನಾವು ಸೇರಿಸಬಾರದು, ಹೇಳಿದ ಮಾತನ್ನು ಬಿಡಲೂಬಾರದು.