ಯಂತ್ರಕ್ಕೆ ನಿಲ್ಲಿಸುವ ದಾರಿ ಇಟ್ಟವನು, ಬಾಂಬಿಗೆ ಇಡಲಿಲ್ಲ: ಜಾನ್ ವಾನ್ ನ್ಯೂಮನ್

ಒಂದು ಚೌಕುಳಿ ಹಾಳೆ ತಗೊಳ್ಳಿ. ಅಡ್ಡಸಾಲಿನಲ್ಲಿ ಪಕ್ಕಪಕ್ಕದ ಮೂರು ಮನೆ ತುಂಬಿ. ತುಂಬಿದ್ದು ಜೀವಂತ, ಖಾಲಿ ಇದ್ದದ್ದು ಸತ್ತದ್ದು. ಪ್ರತಿ ಮನೆಗೂ ಸುತ್ತ ಎಂಟು ನೆರೆಮನೆ. ಜೀವಂತ ಮನೆಗೆ ಎರಡು ಅಥವಾ ಮೂರು ಜೀವಂತ ನೆರೆಮನೆ ಇದ್ದರೆ ಅದು ಉಳಿಯುತ್ತೆ, ಇಲ್ಲದಿದ್ದರೆ ಸಾಯುತ್ತೆ. ಖಾಲಿ ಮನೆಗೆ ಸರಿಯಾಗಿ ಮೂರು ಜೀವಂತ ನೆರೆಮನೆ ಇದ್ದರೆ ಅಲ್ಲಿ ಜೀವ ಹುಟ್ಟುತ್ತೆ. ಇಷ್ಟೇ ನಿಯಮ. ಎಲ್ಲ ಮನೆಗಳ ಲೆಕ್ಕವನ್ನೂ ಒಟ್ಟಿಗೇ ಮಾಡಿ ನೋಡಿ: ಅಡ್ಡಗೆರೆ ಉದ್ದಗೆರೆ ಆಗುತ್ತೆ. ಮತ್ತೊಮ್ಮೆ ಮಾಡಿದರೆ ಪುನಃ ಅಡ್ಡಗೆರೆ. ಸಾವಿರ ಸಲ ಮಾಡಿದರೂ ಅದೇ. ಇದಕ್ಕೆ ಬ್ಲಿಂಕರ್ ಅಂತಾರೆ. ಹೀಗೆ ತಿರುಗಿ ತಿರುಗಿ ಮೊದಲಿನ ರೂಪಕ್ಕೇ ಬರುವ ಚಿತ್ರಗಳೆಲ್ಲ ಆಸಿಲೇಟರ್‌ಗಳು.

ಗೇಮ್ ಆಫ್ ಲೈಫ್ ಎಂಬ ಈ ಆಟ ಬ್ರಿಟಿಷ್ ಗಣಿತಜ್ಞ ಜಾನ್ ಕಾನ್ವೇಯದು. ಜಗತ್ತಿಗೆ ಗೊತ್ತಾಗಿದ್ದು 1970ರಲ್ಲಿ. ಆದರೆ ಇಂಥ ಹಾಳೆಯನ್ನು ಮೊದಲು ಹಾಸಿಕೊಟ್ಟ ವಾನ್ ನ್ಯೂಮನ್ ಅಷ್ಟೊತ್ತಿಗೆ ಸತ್ತು 13 ವರ್ಷ ಆಗಿತ್ತು. ಅವನ ಬದುಕನ್ನು ನಾನು ಓದಲು ಕೂತಿದ್ದು ಗಣಿತದ ಕುತೂಹಲಕ್ಕೆ. ಆದರೆ ನನ್ನ ತಲೆಯಲ್ಲಿ ಉಳಿದಿದ್ದು ರಾಜಕೀಯ.

ಹುಟ್ಟಿದ್ದು 1903ರ ಡಿಸೆಂಬರ್ 28ರಂದು, ಬುಡಾಪೆಸ್ಟ್‌ನ ಶ್ರೀಮಂತ ಯಹೂದಿ ಮನೆಯಲ್ಲಿ. ಅಪ್ಪ ಬ್ಯಾಂಕರ್. 1919ರಲ್ಲಿ ಬೇಲಾ ಕುನ್‌ನ ಕಮ್ಯುನಿಸ್ಟ್ ಸರ್ಕಾರ ಬಂದಾಗ ಕುಟುಂಬ ದೇಶ ಬಿಟ್ಟಿತು. 133 ದಿನಕ್ಕೆ ಆ ಸರ್ಕಾರ ಬಿತ್ತು. ಆಮೇಲೆ ಬಂದ ಬಲಪಂಥೀಯರು ಯಹೂದಿಗಳ ಮೇಲೆ ಮುಗಿಬಿದ್ದರು. 1920ರಲ್ಲಿ ವಿಶ್ವವಿದ್ಯಾಲಯದ ಸೀಟುಗಳಲ್ಲಿ ಯಹೂದಿಗಳ ಪಾಲಿಗೆ ಮಿತಿ ಹಾಕುವ ಕಾನೂನೂ ಬಂತು. 17 ತುಂಬುವುದರೊಳಗೆ ಈ ಹುಡುಗ ಎರಡು ಬಗೆಯ ಭಯ ಕಂಡಿದ್ದ. ಕೆಂಪು ಬಣ್ಣದ ಭಯ ಮಾತ್ರ ಕೊನೆತನಕ ಹೋಗಲಿಲ್ಲ.

1926ರಲ್ಲಿ ಝೂರಿಕ್‌ನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪದವಿ, ಬುಡಾಪೆಸ್ಟ್‌ನಲ್ಲಿ ಗಣಿತದ ಡಾಕ್ಟರೇಟ್. ಬರ್ಲಿನ್‌ನಲ್ಲಿ ಪಾಠ ಮಾಡಿ, 1930ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ಗೆ ಬಂದ. 1943ರಿಂದ ಲಾಸ್ ಅಲಾಮೋಸ್‌ನ ಬಾಂಬ್ ಯೋಜನೆಯಲ್ಲಿ ಕೈಜೋಡಿಸಿದ. ಪ್ಲುಟೋನಿಯಂ ಉಂಡೆಯನ್ನು ಸುತ್ತಲಿಂದ ಒಂದೇ ಸಮನೆ ಅದುಮಿ ಸ್ಫೋಟಿಸುವ ವಿಧಾನಕ್ಕೆ ಅವನ ಲೆಕ್ಕಗಳು ಆಧಾರವಾದವು. ನಾಗಸಾಕಿ ಮೇಲೆ ಬಿದ್ದದ್ದು ಅದೇ ಬಗೆಯ ಬಾಂಬ್. ಯಾವ ಊರಿನ ಮೇಲೆ ಹಾಕಬೇಕು ಎಂದು ಚರ್ಚಿಸಿದ 1945ರ ಸಮಿತಿಯಲ್ಲೂ ಅವನಿದ್ದ. ದ್ವೇಷದ ಆಡಳಿತ ನೋಡಿ ಬೆಳೆದ ಹುಡುಗ, ದೊಡ್ಡವನಾಗಿ ಊರುಗಳ ಪಟ್ಟಿ ಮುಂದಿಟ್ಟುಕೊಂಡು ಕೂತಿದ್ದ.

ಯುದ್ಧ ಮುಗಿದ ಮೇಲೆ ಅವನನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ಯಂತ್ರವೊಂದು ತನ್ನಂಥದ್ದೇ ಇನ್ನೊಂದು ಯಂತ್ರವನ್ನು ಹೆರಬಲ್ಲದೇ? ಬಿಡಿಭಾಗಗಳ ರಗಳೆ ಬಿಟ್ಟು ಚೌಕಗಳ ಹಾಳೆಯ ಮೇಲೆ ಯೋಚಿಸು ಎಂದು ದಾರಿ ತೋರಿಸಿದವನು ಲಾಸ್ ಅಲಾಮೋಸ್‌ನ ಗೆಳೆಯ, ಪೋಲೆಂಡ್ ಮೂಲದ ಸ್ಟಾನಿಸ್ಲಾವ್ ಉಲಾಮ್. ನ್ಯೂಮನ್‌ನ ಹಾಳೆಯಲ್ಲಿ ಪ್ರತಿ ಮನೆಗೂ 29 ಸ್ಥಿತಿಗಳು, ನೋಡಲು ನಾಲ್ಕು ನೆರೆಮನೆಗಳು. ಕಾನ್ವೇ ಆಮೇಲೆ ಮಾಡಿದ್ದು ಇದನ್ನು ಸರಳಗೊಳಿಸುವ ಕೆಲಸವನ್ನೇ. ನ್ಯೂಮನ್‌ನ ಯಂತ್ರ ತನ್ನದೇ ವಿವರಣೆಯನ್ನು ಎರಡು ಥರ ಬಳಸುತ್ತೆ: ಒಮ್ಮೆ ಓದಿ ಮರಿ ಕಟ್ಟೋಕೆ, ಇನ್ನೊಮ್ಮೆ ನಕಲು ಮಾಡಿ ಮರಿಯ ಕೈಗೆ ಕೊಡೋಕೆ. ಡಿಎನ್‌ಎ ರಚನೆ ಗೊತ್ತಾಗಿದ್ದು 1953ರಲ್ಲಿ. ಇವನು ಈ ವಿಚಾರವನ್ನು 1948ರಲ್ಲೇ ಉಪನ್ಯಾಸದಲ್ಲಿ ಮಂಡಿಸಿದ್ದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಯಂತ್ರದೊಳಗಿನ ಒಂದು ಸಣ್ಣ ಅಂಗ. ಕೊಟ್ಟ ಮಿಡಿತಗಳ ಸಾಲನ್ನು ಬಿಡದೆ ಮತ್ತೆ ಮತ್ತೆ ಹೊರಡಿಸುವ ಭಾಗ ಅದು. ಒಂಥರಾ ನಾಡಿ. ಅದಕ್ಕೆ ಎರಡು ದಾರಿ ಒಳಗೆ ಬರುತ್ತವೆ. ಒಂದು ಶುರು ಮಾಡೋಕೆ, ಇನ್ನೊಂದು ನಿಲ್ಲಿಸೋಕೆ. ತನ್ನಷ್ಟಕ್ಕೆ ತಾನೇ ಸುತ್ತುವ ಯಾವುದನ್ನೇ ಆಗಲಿ ಕಟ್ಟುವಾಗ ನಿಲ್ಲಿಸುವ ದಾರಿಯನ್ನೂ ಕಟ್ಟಬೇಕು ಅಂತ ಹಾಳೆಯ ಮೇಲೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಾಳೆಯ ಆಚೆ ನಡೆದದ್ದು ಏನು? 1949ರಲ್ಲಿ ಸೋವಿಯತ್ ಅಣುಬಾಂಬ್. 1952ರಲ್ಲಿ ಅಮೆರಿಕದ ಹೈಡ್ರೋಜನ್ ಸ್ಫೋಟ. 1955ರಲ್ಲಿ ಸೋವಿಯತ್ತಿನ ಉತ್ತರ. ಒಬ್ಬ ಪಕ್ಕದವನನ್ನು ನೋಡಿ ತಾನು ಬದಲಾಗ್ತಾನೆ, ಇವನನ್ನು ನೋಡಿ ಅವನು. ಅಡ್ಡಗೆರೆ, ಉದ್ದಗೆರೆ. ಈ ಸುತ್ತನ್ನು ವೇಗವಾಗಿ ತಿರುಗಿಸಿದ ಕೈಗಳಲ್ಲಿ ನ್ಯೂಮನ್‌ನದೂ ಒಂದು. ಹೈಡ್ರೋಜನ್ ಬಾಂಬ್ ಬೇಕೇಬೇಕು ಎಂದವನು ಅವನು. ಸೋವಿಯತ್ ಬಲಿಯುವ ಮೊದಲೇ ಹೊಡೆಯಬೇಕು ಎಂಬ ವಾದದವನು. ಖಂಡಾಂತರ ಕ್ಷಿಪಣಿಗೆ ಹಾದಿ ಮಾಡಿದ 1954ರ ಸಮಿತಿಯ ಅಧ್ಯಕ್ಷನೂ ಅವನೇ.

ಹಾಗಂತ ಅವನನ್ನು ರಾಕ್ಷಸ ಮಾಡಿ ಕೈತೊಳೆದುಕೊಳ್ಳೋದು ಸುಲಭ. ಅದೇ 1954ರಲ್ಲಿ ಓಪನ್‌ಹೈಮರ್‌ನ ದೇಶನಿಷ್ಠೆಯನ್ನು ಶಂಕಿಸಿ ವಿಚಾರಣೆ ನಡೆದಾಗ, ಹೈಡ್ರೋಜನ್ ಬಾಂಬಿನ ವಿಷಯದಲ್ಲಿ ಅವನ ವಿರೋಧಿಯಾಗಿದ್ದೂ ನ್ಯೂಮನ್ ಅವನ ಪರವಾಗಿಯೇ ಸಾಕ್ಷಿ ಹೇಳಿದ. ಭಿನ್ನಮತ ದ್ರೋಹವಲ್ಲ ಎಂಬ ತಿಳಿವಳಿಕೆ ಅವನಲ್ಲಿತ್ತು. ಶತ್ರು ಕೂಡ ಭಯದಿಂದಲೇ ಹೆಜ್ಜೆ ಇಡ್ತಿರಬಹುದು, ಆ ಭಯವನ್ನು ಇಳಿಸೋಕೂ ಒಂದು ದಾರಿ ಬೇಕು ಎಂಬ ಯೋಚನೆ ಅವನ ಲೆಕ್ಕಕ್ಕೆ ಬರಲಿಲ್ಲ ಅನ್ನೋದು ನನ್ನ ತಕರಾರು.

1955ರಲ್ಲಿ ಕ್ಯಾನ್ಸರ್ ಪತ್ತೆಯಾಯಿತು. 1957ರ ಫೆಬ್ರವರಿ 8ರಂದು ವಾಷಿಂಗ್ಟನ್‌ನ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 53. ಚೌಕಗಳ ಹಸ್ತಪ್ರತಿ ಅರ್ಧಕ್ಕೆ ನಿಂತಿತ್ತು. ಆರ್ಥರ್ ಬರ್ಕ್ಸ್ ಅದನ್ನು ತಿದ್ದಿ, ಪೂರ್ತಿ ಮಾಡಿ 1966ರಲ್ಲಿ ಪುಸ್ತಕವಾಗಿ ತಂದ.

ಕಾನ್ವೇ ಆಟದಲ್ಲಿ ಹುಡುಕಾಟ ಇನ್ನೂ ನಡೆದಿದೆ. ಬ್ಲಿಂಕರ್ 2 ಹೆಜ್ಜೆಗೊಮ್ಮೆ ಮರಳುತ್ತೆ, ಪಲ್ಸರ್ 3ಕ್ಕೆ, ಪೆಂಟಾಡೆಕಾಥ್ಲಾನ್ 15ಕ್ಕೆ. ಕೊನೆಯಲ್ಲಿ ಬಾಕಿ ಉಳಿದಿದ್ದ 19 ಮತ್ತು 41 ಕೂಡ 2023ರಲ್ಲಿ ಸಿಕ್ಕವು. ಈಗ ಎಷ್ಟು ಹೆಜ್ಜೆ ಅಂದರೂ ಅಷ್ಟಕ್ಕೊಂದು ಆಸಿಲೇಟರ್ ಇದೆ. ಸುತ್ತು ಉದ್ದವಾದ ಮಾತ್ರಕ್ಕೆ ಬದಲಾವಣೆ ಆಯ್ತು ಅಂತಲ್ಲ. ಸರ್ಕಾರ ಬದಲಾದಾಗಲೆಲ್ಲ ಕುಣಿಯೋ ನಾವು ಇದನ್ನು ನೆನಪಿಡಬೇಕು. ಗೆರೆ ಅಡ್ಡದಿಂದ ಉದ್ದಕ್ಕೆ ತಿರುಗಿದರೂ ನಿಯಮ ಹಳೆಯದೇ ಆಗಿರಬಹುದು.

ಆದರೆ ಹಾಳೆಯ ಮನೆಗೆ ನಿಯಮ ಪ್ರಶ್ನಿಸೋ ಬಾಯಿಲ್ಲ, ಮನುಷ್ಯನಿಗಿದೆ. 1961ರಲ್ಲಿ ಅಮೆರಿಕದ ಊರೂರುಗಳಲ್ಲಿ ಹೆಂಗಸರು ಅಣುಪರೀಕ್ಷೆ ನಿಲ್ಲಿಸಿ ಎಂದು ಬೀದಿಗಿಳಿದರು. ಮಕ್ಕಳ ಹಾಲಿಗೆ ವಿಕಿರಣ ಸೇರುತ್ತಿದೆ ಎಂಬುದು ಅವರ ಆತಂಕ. 1963ರಲ್ಲಿ ಅಮೆರಿಕ, ಸೋವಿಯತ್ ಮತ್ತು ಬ್ರಿಟನ್ ಗಾಳಿಯಲ್ಲಿ, ನೀರಿನಡಿ, ಬಾಹ್ಯಾಕಾಶದಲ್ಲಿ ಪರೀಕ್ಷೆ ನಡೆಸೋದಿಲ್ಲ ಎಂದು ಒಪ್ಪಂದಕ್ಕೆ ಸಹಿ ಹಾಕಿದವು. ಬಾಂಬುಗಳು ಹೋಗಲಿಲ್ಲ, ನೆಲದಡಿಯ ಪರೀಕ್ಷೆಯೂ ನಿಲ್ಲಲಿಲ್ಲ. ಆದರೂ ಆ ಸುತ್ತಿಗೆ ನಿಲ್ಲಿಸುವ ಒಂದು ದಾರಿ ಬಿತ್ತು. ಅದನ್ನು ಕೊರೆದವರಲ್ಲಿ ಲೆಕ್ಕದ ಸಮಿತಿಗಳಲ್ಲಿ ಎಂದೂ ಕುರ್ಚಿ ಸಿಗದ ತಾಯಂದಿರೂ ಇದ್ದರು.